ಬೀಗರ ಕೈಯ ಉಸಿರು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಬರುವ ಸಂಗತಿಯಲ್ಲಿ ನನ್ನಿಂದ ಬೈಸಿಕೊಳ್ಳದವರು ಬಹಳ ಕಡಿಮೆ. ನಾನು ಹುಟ್ಟಿ ಬೆಳೆದದ್ದು ಕುರುಗೋಡಿನಲ್ಲಿ. ಓದಿದ್ದು ಭೌತಶಾಸ್ತ್ರ. ಎಂಬತ್ತರ ದಶಕದ ನಡುವಿನಲ್ಲಿ ಬಳ್ಳಾರಿಯ ಒಂದು ಕಾಲೇಜಿನಲ್ಲಿ ಹುಡುಗಿಯರಿಗೆ ಅದನ್ನೇ ಕಲಿಸುತ್ತಿದ್ದೆ. ನನ್ನ ಗಂಡ ಊರಿನ ಒಂದು ಆಸ್ಪತ್ರೆಯಲ್ಲಿ ಅರಿವಳಿಕೆಯ ಡಾಕ್ಟರು. ಜನರನ್ನು ಮಲಗಿಸುವುದು ಅವರ ಕೆಲಸ, ಎಬ್ಬಿಸುವುದು ನನ್ನ ಕೆಲಸ ಎಂದು ಮನೆಗೆ ಬಂದವರೆಲ್ಲ ತಮಾಷೆ ಮಾಡುತ್ತಿದ್ದರು. ಅವರ ಬಾಯಿಂದ ಜೋರು ಮಾತು ಬಂದದ್ದನ್ನು ನಾನು ಕೇಳಿಲ್ಲ. ಇಬ್ಬರ ಪಾಲಿನ ಗಂಟಲನ್ನೂ ದೇವರು ನನಗೊಬ್ಬಳಿಗೇ ಕೊಟ್ಟಿದ್ದ.

ಆ ವರ್ಷ ನಮ್ಮ ಕಾಲೇಜಿಗೆ ಒಂದು ಕಂಪ್ಯೂಟರ್ ಬಂತು. ಹುಡುಗಿಯರಿಗೆ ಕೂರಲು ಬೆಂಚು ಸಾಲದು, ಪ್ರಯೋಗಾಲಯದ ನಲ್ಲಿಯಲ್ಲಿ ನೀರಿಲ್ಲ, ಆದರೆ ಕಂಪ್ಯೂಟರ್ ಬಂತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂದು ಸ್ಟಾಫ್ ರೂಮಿನಲ್ಲಿ ನಾನೇ ಮೊದಲು ಅಂದೆ, ನಾನೇ ಮೊದಲು ಅದರ ಮುಂದೆ ಹೋಗಿ ಕುಳಿತೆ. ಟೈಪ್‌ರೈಟರಿನಂಥ ಒಂದು ಮಣೆ, ಅದಕ್ಕೊಂದು ಟಿ.ವಿ., ಬರೆದದ್ದನ್ನು ಉಳಿಸಿಕೊಳ್ಳಲು ಹಾಡು ಕೇಳುವ ಮಾಮೂಲಿ ಕ್ಯಾಸೆಟ್ ರೆಕಾರ್ಡರ್. ಪ್ರಿನ್ಸಿಪಾಲರು ಪೂಜೆ ಮಾಡಿಸಿ, ಮಣೆಗೆ ಧಾರಾಳವಾಗಿ ಅರಿಶಿನ ಕುಂಕುಮ ಹಾಕಿಸಿದರು. ಕುಂಕುಮ ಕೀಲಿಗಳ ಸಂದಿಗೆ ಇಳಿದು, ಐದು ಎಂಬ ಅಂಕಿ ಒತ್ತಿದರೆ ಐದೈದು ಸಲ ಬೀಳತೊಡಗಿತು. ಅದನ್ನು ಹತ್ತಿಕಡ್ಡಿಯಿಂದ ಕೆದರಿ ತೆಗೆಯಲು ನನಗೆ ಎರಡು ದಿನ ಹಿಡಿಯಿತು. ಆ ಕೋಣೆಗೆ ಚಪ್ಪಲಿ ಬಿಟ್ಟೇ ಹೋಗಬೇಕೆಂಬ ಕಟ್ಟಳೆಯೂ ಬಂತು.

ಅದರ ಮೇಲೆ ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ, ಆದರೆ ಗೊತ್ತಿಲ್ಲ ಎನ್ನುವ ಸ್ವಭಾವ ನನ್ನದಲ್ಲ. ಒಂದು ಭಾನುವಾರ ಬೆಳಿಗ್ಗೆ ಮಂಡಕ್ಕಿಯ ಮಂಡಾಳು ಒಗ್ಗರಣೆ, ಮಿರ್ಚಿ ಬಜ್ಜಿ ಮುಂದಿಟ್ಟುಕೊಂಡು ಕುಳಿತಿದ್ದಾಗ ನನ್ನ ಗಂಡ ಒಂದು ವಿಷಯ ತೆಗೆದರು. ಅವರ ಆಸ್ಪತ್ರೆಯಲ್ಲಿ ಉಸಿರಾಟದ ಯಂತ್ರ ಇದ್ದದ್ದು ಒಂದೇ ಒಂದು. ತಾನಾಗಿ ಉಸಿರಾಡಲಾಗದ ರೋಗಿಯ ಗಂಟಲಿಗೆ ಕೊಳವೆ ಇಳಿಸಿ, ಅದನ್ನು ಆ ಯಂತ್ರಕ್ಕೆ ಜೋಡಿಸುತ್ತಿದ್ದರು. ಒಂದೊಂದು ಸಲಕ್ಕೆ ಎಷ್ಟು ಗಾಳಿ, ನಿಮಿಷಕ್ಕೆ ಎಷ್ಟು ಸಲ ಎಂಬುದಕ್ಕೆ ಎರಡು ತಿರುಗಣೆ. ಗಾಳಿ ಒಳಗೆ ಹೋಗುವಾಗ ಎಷ್ಟು ಒತ್ತಡ ಬಿತ್ತು ಎಂದು ತೋರಿಸಲು ಒಂದು ಮುಳ್ಳು.

"ತಿರುಗಣಿ ತಿರುವತೀನಿ, ಆಮ್ಯಾಲ ತುಟಿ ನೀಲಿ ಆತೋ ಕೆಂಪಾತೋ ಅಂತ ನೋಡಿಕೋತ ನಿಂದರತೀನಿ," ಎಂದರು. "ಮನುಷ್ಯಾರ ಮ್ಯಾಲ ತಿರುವೋದಕಿಂತ ಮೊದ್ಲ ಬ್ಯಾರೆ ಎಲ್ಲೆರ ತಿರುವಿ ನೋಡಾಕ ಬರೂದಿಲ್ಲೇನು?"

ಬರುತ್ತದೆ ಎಂದೆ. ಶ್ವಾಸಕೋಶ ಎಂದರೇನು, ಒಂದು ಕೊಳವೆ, ಅದರ ತುದಿಗೊಂದು ಚೀಲ. ಕೊಳವೆ ಎಷ್ಟು ಇಕ್ಕಟ್ಟು, ಚೀಲ ಎಷ್ಟು ಬಿಗಿ, ಎರಡು ಅಂಕಿ ಕೊಟ್ಟರೆ ಉಳಿದದ್ದನ್ನು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ತಿರುಗಣೆಯನ್ನು ಟಿ.ವಿ.ಯ ಮೇಲೆ ತಿರುವಿ ನೋಡಬಹುದು, ಯಾರ ತುಟಿಯೂ ನೀಲಿಯಾಗುವುದಿಲ್ಲ. ಇಷ್ಟು ಹೇಳಿ ಅವರ ತಟ್ಟೆಯ ಮಿರ್ಚಿಯನ್ನೂ ನಾನೇ ತಿಂದೆ.

ಬರೆಯಲು ಎರಡು ತಿಂಗಳು ಬೇಕಾಯಿತು. ಬರೆಯುವುದಕ್ಕಿಂತ ಕಳೆದುಕೊಳ್ಳುವುದೇ ಹೆಚ್ಚಾಗಿತ್ತು. ಬಳ್ಳಾರಿಯಲ್ಲಿ ಆಗ ಕರೆಂಟು ಹೋಗುವುದಕ್ಕೆ ವೇಳಾಪಟ್ಟಿಯೇ ಇತ್ತು, ಆ ಪಟ್ಟಿಯನ್ನು ಕರೆಂಟು ಮಾತ್ರ ಓದಿರಲಿಲ್ಲ. ಹೋದಾಗಲೆಲ್ಲ ಟೈಪ್ ಮಾಡಿದ್ದಷ್ಟೂ ಮಾಯ. ಒಂದು ಸಲ ಕ್ಯಾಸೆಟ್ಟಿನಲ್ಲಿ ಉಳಿಸಿಟ್ಟದ್ದರ ಮೇಲೆ ಜವಾನ ತನ್ನ ಊರಿನ ಬಯಲಾಟದ ಹಾಡು ತುಂಬಿಸಿಕೊಂಡ. ಅವನನ್ನು ನಾನು ಬೈದದ್ದು ಬೀದಿಯ ಆಚೆಗೂ ಕೇಳಿತಂತೆ. ಹಾಡು ಚೆನ್ನಾಗಿತ್ತು, ಅದನ್ನು ಅವನಿಗೆ ಹೇಳಲಿಲ್ಲ.

ಕೊನೆಗೆ ಟಿ.ವಿ.ಯ ಮೇಲೆ ಒಂದು ಗೆರೆ ಬಂತು. ಗಾಳಿ ಹೆಚ್ಚಿದಂತೆ ಒತ್ತಡ ಹೆಚ್ಚುವ ಗೆರೆ, ಅಡಿಪಟ್ಟಿ ಇಟ್ಟು ಎಳೆದಷ್ಟು ನೇರ. ನನ್ನ ಗಂಡ ಚಪ್ಪಲಿ ಬಿಟ್ಟು ಒಳಬಂದು, ಕೈ ಕಟ್ಟಿಕೊಂಡು ನಿಂತು ನೋಡಿದರು. ತಮ್ಮ ನೋಟ್‌ಬುಕ್ಕಿನಿಂದ ಮೂರು ನಾಲ್ಕು ಹಳೆಯ ರೋಗಿಗಳ ಅಂಕಿ ಕೊಟ್ಟರು. ಶಸ್ತ್ರಚಿಕಿತ್ಸೆಗೆಂದು ಮಲಗಿದವರು, ಶ್ವಾಸಕೋಶ ಗಟ್ಟಿಮುಟ್ಟಾಗಿದ್ದವರು. ಎಲ್ಲ ಗೆರೆಯ ಮೇಲೇ ಕೂತವು. ನನಗೆ ಆದ ಸಂತೋಷಕ್ಕೆ ಅಳತೆಯಿಲ್ಲ. ಆ ವಾರ ನಾನು ಯಾರನ್ನೂ ಬೈಯಲಿಲ್ಲ.

ಮುಂದಿನ ತಿಂಗಳು, ಭತ್ತದ ನಾಟಿಯ ಹೊತ್ತಿನಲ್ಲಿ, ಸಿರುಗುಪ್ಪದ ಹತ್ತಿರದ ಕರೂರಿನಿಂದ ಒಬ್ಬ ಹೆಣ್ಣುಮಗಳು ಬಂದಳು. ಮೂವತ್ತರ ಆಸುಪಾಸು. ಗದ್ದೆಯ ಕೆಸರಿನಲ್ಲಿ ನಿಂತು ನಾಟಿ ಮಾಡುವಾಗ ಜ್ವರ ಹಿಡಿದಿತ್ತು. ನಾಟಿ ಮುಗಿಯಲಿ ಎಂದು ಸುಮ್ಮನಿದ್ದಳಂತೆ. ಸಿರುಗುಪ್ಪದ ಆಸ್ಪತ್ರೆಗೆ ತರುವ ಹೊತ್ತಿಗೆ ಎದೆಯೆಲ್ಲ ಕಟ್ಟಿಕೊಂಡಿತ್ತು. ಅಲ್ಲಿಂದ ಬಳ್ಳಾರಿಗೆ ಬರುವಷ್ಟರಲ್ಲಿ ಉಸಿರಿಗಾಗಿ ಒದ್ದಾಡುತ್ತಿದ್ದಳು. ಶ್ವಾಸಕೋಶದ ತುಂಬ ನೀರು ಇಂಗಿದಂತಾಗಿ ಗಾಳಿಗೆ ಜಾಗವೇ ಇರಲಿಲ್ಲ. ನನ್ನ ಗಂಡ ಕೊಳವೆ ಇಳಿಸಿ, ಇದ್ದ ಒಂದು ಯಂತ್ರವನ್ನು ಅವಳಿಗೆ ಕೊಟ್ಟರು. ಈ ರೋಗಕ್ಕೆ ಬಿದ್ದವರಲ್ಲಿ ಎದ್ದವರು ಕಡಿಮೆ ಎಂದು ಮನೆಗೆ ಬಂದು ಹೇಳಿದರು. ಅವಳಿಗೆ ನಾಲ್ಕು ವರ್ಷದ ಒಬ್ಬ ಮಗಳಿದ್ದಾಳೆ ಎಂದೂ ಹೇಳಿದರು.

ಅವಳ ಜೊತೆ ಎರಡು ಮನೆಯ ಜನ ಬಂದಿದ್ದರು. ಒಂದು ಗಂಡನ ಮನೆಯವರು, ಕರೂರಿನವರು. ಅವರಿಗೆಲ್ಲ ಅವಳ ಗಂಡನ ಅತ್ತೆ, ಅಂದರೆ ಅವನ ಅಪ್ಪನ ಅಕ್ಕ, ಯಜಮಾನಿ. ಅಡಕತ್ತರಿಯಂಥ ನಾಲಿಗೆ, ಒನಕೆ ಹಿಡಿದು ಪಳಗಿದ ತೋಳು. ಇನ್ನೊಂದು ತವರಿನವರು, ಸಿರುಗುಪ್ಪದವರು. ಅವರ ಮುಂದಾಳು ಅವಳ ಅಣ್ಣ, ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವವನು. ತವರಿನ ಕಡೆಯಿಂದ ಅವಳ ಅಕ್ಕ ಒಬ್ಬಳು ಬಳ್ಳಾರಿಯಲ್ಲೇ ಇದ್ದಳು. ಗಂಡ ತೀರಿಕೊಂಡವಳು, ಒಂದು ಬಟ್ಟೆ ಕಾರ್ಖಾನೆಯಲ್ಲಿ ಪ್ಯಾಂಟು ಹೊಲಿಯುತ್ತಿದ್ದಳು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಮಾತ್ರ ಓಡಿಬರುತ್ತಿದ್ದಳು.

ಕರೆಂಟು ಹೋದರೆ ಯಂತ್ರ ನಿಲ್ಲುತ್ತಿತ್ತು. ಆಸ್ಪತ್ರೆಯ ಜನರೇಟರು ಆಪರೇಷನ್ ಕೋಣೆಯ ದೀಪಕ್ಕೆ ಸಾಕಾದರೆ ಹೆಚ್ಚು. ಆಗ ಯಂತ್ರದ ಕೊಳವೆ ಬಿಚ್ಚಿ, ಅಲ್ಲಿಗೆ ರಬ್ಬರಿನ ಒಂದು ಚೀಲ ಸಿಕ್ಕಿಸಿ, ಅದನ್ನು ಕೈಯಿಂದ ಒತ್ತಿ ಒತ್ತಿ ಉಸಿರು ಕೊಡಬೇಕು. ಒಂದು ಗಂಟೆ, ಎರಡು ಗಂಟೆ, ಕರೆಂಟು ಬರುವವರೆಗೆ. ವಾರ್ಡಿಗೆ ಇದ್ದದ್ದು ಒಬ್ಬಳೇ ನರ್ಸು, ಅವಳಿಗೆ ಉಳಿದ ರೋಗಿಗಳೂ ಇದ್ದರು. ಹಾಗಾಗಿ ಒತ್ತುವ ಕೆಲಸ ಬಂಧುಗಳದ್ದು. ಆಗಿನ ಎಲ್ಲ ಆಸ್ಪತ್ರೆಗಳಲ್ಲೂ ನಡೆದುಕೊಂಡು ಬಂದ ರೂಢಿ ಅದು. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ಸಂಜೆ ಒಂದು ಸಲ ಚೀಲ ಹೊರಗೆ ಬರುತ್ತಿತ್ತು.

ನಾಲ್ಕನೆಯ ದಿನ ನನ್ನ ಗಂಡ ನೋಟ್‌ಬುಕ್ ತಂದು ನನ್ನ ಮುಂದಿಟ್ಟರು. ಇಷ್ಟು ಗಾಳಿಗೆ ಇಷ್ಟು ಒತ್ತಡ ಎಂದು ಸಣ್ಣ ಅಕ್ಷರದಲ್ಲಿ ಬರೆದಿದ್ದರು. ನಾನು ಅಂಕಿಗಳನ್ನು ಕಂಪ್ಯೂಟರಿಗೆ ಕೊಟ್ಟೆ. ಒಂದೂ ಗೆರೆಯ ಮೇಲೆ ಕೂರಲಿಲ್ಲ. ಗಾಳಿ ಕಡಿಮೆ ಇದ್ದಾಗಿನ ಅಂಕಿಯೊಂದು ಗೆರೆಯ ಹತ್ತಿರ ಇತ್ತು, ವೈದ್ಯಕೀಯ ಪುಸ್ತಕದಲ್ಲಿ ಹೇಳಿದಷ್ಟು ಗಾಳಿ ಕೊಟ್ಟಾಗಿನದು ಗೆರೆ ಬಿಟ್ಟು ಮಾಳಿಗೆ ಹತ್ತಿತ್ತು. ಅದೂ ಸಾಲದೆ, ಬೆಳಿಗ್ಗೆ ಒಂದು, ಸಂಜೆ ಒಂದು. ಬಿಗಿ ಎಂಬುದು ಹೀಗೆ ಹೊತ್ತಿಗೊಂದು ಬಣ್ಣ ಬದಲಿಸಿದರೆ ಭೌತಶಾಸ್ತ್ರಕ್ಕೆ ಏನು ಮರ್ಯಾದೆ?

"ನಿಮಗ ಮುಳ್ಳು ನೋಡಾಕ ಬರಂಗಿಲ್ಲ," ಎಂದೆ. "ಕನ್ನಡಕ ಹಾಕ್ಕೊಂಡು ನೋಡ್ರಿ."

"ಹಾಕ್ಕೊಂಡ ನೋಡೀನಿ."

"ಹಂಗಾದ್ರ ಕನ್ನಡಕ ಬದಲಿ ಮಾಡ್ರಿ."

ಅವರು ನೋಟ್‌ಬುಕ್ಕಿನ ಅಂಕಿಯ ಮೇಲೆ ಬೆರಳಿಟ್ಟರು. "ಆಕಿ ಇಳೀಕೋಂತ ಹೊಂಟಾಳ," ಎಂದರು. "ದಿನಾ ಸ್ವಲ್ಪ ಬಿಗಿ ಜಾಸ್ತಿ ಆಗಾಕತ್ತೈತಿ. ಹಿಂಗ ಆದ್ರ ಇನ್ನ ಮೂರೋ ನಾಕೋ ದಿನ. ನಿನ್ನ ಗೆರಿ ಏನರ ಹೇಳತೈತೇನೋ ಅಂತ ತಂದೆ."

ಆ ಮಾತು ಕೇಳಿ ನನಗೆ ನಾಚಿಕೆಯಾಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನನ್ನ ಪಾಡೂ ಅದೇ ಆಗಿತ್ತು. ಆದರೂ ಹಟ ಬಿಡಲಿಲ್ಲ. ಮುಳ್ಳನ್ನು ನಾನೇ ನೋಡುತ್ತೇನೆ ಎಂದು ಮರುದಿನ ಕಾಲೇಜಿಗೆ ರಜೆ ಹಾಕಿ ಆಸ್ಪತ್ರೆಗೆ ಹೋದೆ.

ನಾನು ಕಾಲಿಟ್ಟ ಗಳಿಗೆಯಲ್ಲೇ ಕರೆಂಟು ಹೋಯಿತು. ಯಂತ್ರ ಒಂದು ನಿಟ್ಟುಸಿರು ಬಿಟ್ಟು ನಿಂತಿತು. ನರ್ಸು ಚೀಲ ಸಿಕ್ಕಿಸಿದಳೋ ಇಲ್ಲವೋ, ಕರೂರಿನ ಅತ್ತೆ ಸೆರಗು ಸಿಕ್ಕಿಸಿ ಮುಂದೆ ಬಂದರು. ಎರಡೂ ಕೈ ಹಾಕಿ ಚೀಲವನ್ನು ಹಿಂಡಿದರು. ಹಿಂಡಿದರು ಎಂದರೆ ಹೋಳಿಗೆಯ ಕಣಕ ನಾದಿದಂತೆ, ಎರಡು ಅಂಗೈ ಒಂದಕ್ಕೊಂದು ತಾಗುವ ತನಕ. ಮಂಚದ ಮೇಲಿನ ಎದೆ ಇಷ್ಟೆತ್ತರ ಎದ್ದಿತು. ಅರ್ಧ ಗಂಟೆ ಆಗುತ್ತಲೇ ಸಿರುಗುಪ್ಪದ ಅಣ್ಣ ಕೆಮ್ಮಿದ.

"ಸಾಕ್ ಬಿಡ್ರಿ ಅತ್ತಿ, ನಮಗೂ ಸ್ವಲ್ಪ ಬಿಡ್ರಿ. ನಮ್ಮ ತಂಗಿ ಆಕಿ."

"ನಿಮ್ಮ ತಂಗಿ ಇದ್ದಿದ್ದು ಲಗ್ನಕ್ಕಿಂತ ಮೊದ್ಲ. ಈಗ ನಮ್ಮ ಮನಿ ಸೊಸಿ."

"ಸೊಸಿಗೆ ಜ್ವರ ಬಂದಾಗ ಕೆಸರಿನ್ಯಾಗ ನಿಂದ್ರಿಸಿದವ್ರು ಯಾರು?"

ಅತ್ತೆಗೆ ಅದು ನಾಟಿತು. ಚೀಲ ಅವನ ಕೈಗೆ ಬಂತು. ನೂರು ಕೆ.ಜಿ. ಮೂಟೆ ಎತ್ತುವ ಕೈ ಅದು. ಅತ್ತೆಗಿಂತ ಒಂದು ಗುಲಗಂಜಿ ಕಡಿಮೆ ಒತ್ತಿದರೂ ತವರಿನ ಮಾನ ಹೋಗುತ್ತದೆ ಎನ್ನುವಂತೆ ಒತ್ತಿದ. ಅತ್ತೆ ಪಕ್ಕದಲ್ಲಿ ನಿಂತು ಅವನ ಕೈಯನ್ನೇ ನೋಡುತ್ತ, "ಅಷ್ಟರಾಗ ಆಕಿ ಹೊಟ್ಟಿ ತುಂಬತೈತೇನು? ಇನ್ನಾಟ ಒತ್ತಪ್ಪ," ಎಂದರು.

ನಮ್ಮ ಕಡೆಯ ಊಟ ಉಂಡವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಉಣ್ಣುವವರು ಎರಡೂ ಕೈ ಎಲೆಗೆ ಅಡ್ಡ ಹಿಡಿದು ಸಾಕು ಸಾಕು ಎಂದರೂ, ಕೈಯ ಸಂದಿಯಿಂದ ಇನ್ನೊಂದು ಸೌಟು ಬೀಳಲೇಬೇಕು. ಬೀಗರ ಮುಂದಂತೂ ಬಡಿಸುವ ಕೈ ಹಿಂದೆ ಸರಿದರೆ ಮನೆತನದ ಮಾತು. ಇವರು ಅನ್ನ ಬಡಿಸಿದ ಹಾಗೆಯೇ ಉಸಿರನ್ನೂ ಬಡಿಸುತ್ತಿದ್ದರು. ಬಾಯಲ್ಲಿ ಕೊಳವೆ ಇದ್ದವಳು ಎಲೆಗೆ ಕೈ ಅಡ್ಡ ಹಿಡಿಯುವುದಾದರೂ ಹೇಗೆ?

ಕರೆಂಟು ಬಂದ ಮೇಲೆ ಮುಳ್ಳು ನೋಡಿದೆ. ಬೆಳಿಗ್ಗೆ ನನ್ನ ಗಂಡ ಬರೆದಿಟ್ಟದ್ದಕ್ಕಿಂತ ಮೇಲೆ ನಿಂತಿತ್ತು. ಅದೇ ಗಾಳಿ, ಒತ್ತಡ ಮಾತ್ರ ಹೆಚ್ಚು. ಅವರ ಕನ್ನಡಕ ಸರಿಯಾಗಿಯೇ ಇತ್ತು.

ಮಧ್ಯಾಹ್ನ ಎರಡು ಮನೆಯವರೂ ಊಟಕ್ಕೆಂದು ಬುತ್ತಿ ಹಿಡಿದು ಜಗಲಿಗೆ ಹೋದ ಹೊತ್ತಿಗೆ ಮತ್ತೆ ಕರೆಂಟು ಹೋಯಿತು. ಅಷ್ಟರಲ್ಲಿ ಕಾರ್ಖಾನೆಯಿಂದ ಅಕ್ಕ ಬಂದಿದ್ದಳು, ಸೆರಗಿನ ಮೇಲೆಲ್ಲ ನೀಲಿ ದಾರದ ತುಂಡು. ಚೀಲವನ್ನು ಒಂದೇ ಕೈಯಲ್ಲಿ ಹಿಡಿದಳು. ಸ್ವಲ್ಪವೇ ಒತ್ತಿ ಬಿಡುತ್ತಿದ್ದಳು, ಆದರೆ ಬೇಗ ಬೇಗ. ಎದೆ ಎದ್ದದ್ದು ಕಂಡೂ ಕಾಣದಷ್ಟು.

"ಯಾಕ ಅಷ್ಟ ಹಗೂರ ಒತ್ತತೀಯವಾ?" ಎಂದು ಕೇಳಿದೆ.

ಬೈಯುತ್ತಾರೆ ಎಂದುಕೊಂಡಳೋ ಏನೋ, ಮುಖ ಕೆಳಗೆ ಹಾಕಿದಳು. "ಅದರ ಮುಂದ ಹೋಗಾಕ ಒಲ್ಲದ್ರಿ. ಕೈಗೆ ಗೊತ್ತಾಗ್ತೈತಿ. ಹೊಲಿಯೂವಾಗ ದಾರ ಬಿಗಿ ಬಂದ್ರ ಪೆಡಲ್ ಬಿಡತೀವಲ್ರಿ, ಹಂಗ. ಇನ್ನೂ ತುಳದ್ರ ಹರೀತೈತಿ."

ಕರೆಂಟು ಬಂತು. ಮುಳ್ಳು ಏರಿರಲಿಲ್ಲ, ಒಂದು ಕೂದಲೆಳೆ ಇಳಿದಿತ್ತು. ನಾನು ನೋಟ್‌ಬುಕ್ ಕಸಿದುಕೊಂಡು ಹಿಂದಿನ ದಿನಗಳನ್ನು ತಿರುವಿದೆ. ಬೆಳಿಗ್ಗೆ ಮತ್ತು ಸಂಜೆ ಕರೆಂಟು ಹೋಗಿ ಬಂದಾಗಲೆಲ್ಲ ಬಿಗಿ ಹೆಚ್ಚಿತ್ತು. ಮಧ್ಯಾಹ್ನದ್ದರಲ್ಲಿ ಮಾತ್ರ ಇಲ್ಲ. ದಿನದಿನವೂ ಹಾಗೇ ಇತ್ತು. ನನ್ನ ಗಂಡ ಅಷ್ಟು ಚೊಕ್ಕವಾಗಿ ಬರೆದಿಟ್ಟಿದ್ದನ್ನು ನಾನು ಓದದೆ ಬೈದಿದ್ದೆ.

ಅಲ್ಲಿಯೇ ನಿಂತು ಅವರಿಗೆ ದುಂಬಾಲು ಬಿದ್ದೆ. ಯಂತ್ರದ ತಿರುಗಣೆಯನ್ನು ಒಂದೆರಡು ನಿಮಿಷ ಕೆಳಗೆ ತನ್ನಿ, ಮೂರು ಬೇರೆ ಬೇರೆ ಅಳತೆಯ ಗಾಳಿಗೆ ಮುಳ್ಳು ಎಲ್ಲಿ ನಿಲ್ಲುತ್ತದೆ ನೋಡೋಣ ಎಂದೆ. ನೋಡಿದೆವು. ಸಣ್ಣ ಉಸಿರಿನ ಎರಡು ಚುಕ್ಕೆ ಒಂದು ಗೆರೆಯಲ್ಲಿದ್ದವು. ಮೂರನೆಯದು, ಪುಸ್ತಕದ ಅಳತೆಯದು, ಗೆರೆ ಬಿಟ್ಟು ಹಾರಿತ್ತು. ನನ್ನ ತಪ್ಪು ಆಗ ತಿಳಿಯಿತು. ಎಷ್ಟು ಹಿಗ್ಗಿಸಿದರೂ ಒಂದೇ ಬಿಗಿ ಇರುವ, ಗಟ್ಟಿಮುಟ್ಟಾದ ಒಬ್ಬ ಆಳಿಗೆ ಇರುವಷ್ಟು ದೊಡ್ಡದಾದ ಒಂದು ಚೀಲವನ್ನು ನಾನು ಕಂಪ್ಯೂಟರಿನಲ್ಲಿ ಹೊಲಿದಿಟ್ಟಿದ್ದೆ. ಇವಳೊಳಗೆ ಅಂಥ ಚೀಲವೇ ಇರಲಿಲ್ಲ. ಶ್ವಾಸಕೋಶದ ಬಹುಪಾಲು ನೀರು ತುಂಬಿ ಮುಚ್ಚಿಹೋಗಿತ್ತು, ಗಾಳಿ ಆಡುತ್ತಿದ್ದದ್ದು ಉಳಿದ ಒಂದು ಸಣ್ಣ ಭಾಗದಲ್ಲಿ ಮಾತ್ರ. ಆ ಸಣ್ಣ ಭಾಗ ಮೆತ್ತಗೇ ಇತ್ತು, ಇಡೀ ಆಳಿನ ಗಾಳಿ ಅದರೊಳಗೆ ನುಗ್ಗುವ ತನಕ. ನುಗ್ಗಿದಾಗಲೆಲ್ಲ ಅದೂ ಜಖಂ ಆಗುತ್ತಿತ್ತು.

ಆಟೋ ಹಿಡಿದು ಕಾಲೇಜಿಗೆ ಹೋದೆ. ಚಪ್ಪಲಿ ಬಿಡುವುದನ್ನೂ ಮರೆತೆ. ಚೀಲವನ್ನು ಸಣ್ಣದು ಮಾಡಿದೆ, ಒಂದು ಮಟ್ಟ ದಾಟಿದರೆ ಬಿಗಿ ಏರುವಂತೆ ಗೆರೆಯನ್ನು ಬಗ್ಗಿಸಿದೆ. ಆ ಮಟ್ಟಕ್ಕೆ ಪ್ರೋಗ್ರಾಮಿನಲ್ಲಿ 'ಸಾಕು' ಎಂದೇ ಹೆಸರಿಟ್ಟೆ. ಗಾಳಿ 'ಸಾಕು' ದಾಟದ ಹಾಗೆ ಇಟ್ಟು, ನಿಮಿಷಕ್ಕೆ ಎಷ್ಟು ಉಸಿರು ಕೊಟ್ಟರೆ ಒಟ್ಟು ಗಾಳಿ ತೀರ ಕಡಿಮೆಯಾಗುವುದಿಲ್ಲ ಎಂದು ತಿರುವಿ ತಿರುವಿ ನೋಡಿದೆ. ನಡುವೆ ಎರಡು ಸಲ ಕರೆಂಟು ಹೋಯಿತು. ಎರಡು ಸಲವೂ ಮೊದಲಿಂದ ಟೈಪ್ ಮಾಡಿದೆ. ಸಂಜೆಗೆ ಅವಳ ಅಷ್ಟೂ ಚುಕ್ಕೆ ಬಗ್ಗಿದ ಗೆರೆಯ ಮೇಲೆ ಕುಳಿತವು.

ಚುಕ್ಕೆ ಕುಳಿತ ಮೇಲೆ ನನಗೆ ಭಯ ಹತ್ತಿತು. ಈ ಸಲ ಟಿ.ವಿ.ಯ ಮೇಲೆ ತಿರುವಿದ್ದನ್ನು ಮನುಷ್ಯರ ಮೇಲೆ ತಿರುವಬೇಕಿತ್ತು. ಮೊದಲ ಗೆರೆ ನೇರವಾಗಿದ್ದಾಗಲೂ ನಾನು ಇಷ್ಟೇ ಬೀಗಿದ್ದೆ, ಅದು ತಪ್ಪಾಗಿತ್ತು. ಇದೂ ತಪ್ಪಾದರೆ ನಾಲ್ಕು ವರ್ಷದ ಒಂದು ಮಗುವಿಗೆ ತಾಯಿ ಇರುವುದಿಲ್ಲ. ಹೊಸ ಅಳತೆ ಬರೆದುಕೊಂಡು ಹೋದ ಕಾಗದವನ್ನು ನನ್ನ ಗಂಡ ಬಹಳ ಹೊತ್ತು ನೋಡಿದರು.

"ಪುಸ್ತಕದಾಗ ಇದರ ಹತ್ರ ಹತ್ರ ಎರಡ ಪಟ್ಟು ಕೊಡ್ರಿ ಅಂತ ಐತಿ," ಎಂದರು.

"ಪುಸ್ತಕ ಬರದಾಂವ ಈಕೀನ ನೋಡ್ಯಾನೇನು?"

"ನೋಡಿಲ್ಲ. ನೀ ಹೇಳಿದ್ದು ತಪ್ಪಾದ್ರ?"

ಇಂಥ ಪ್ರಶ್ನೆಗೆ ನಾನು ಯಾವಾಗಲೂ ಜೋರಾಗಿ ಉತ್ತರ ಕೊಡುವವಳು. ಅವತ್ತು ಮಾತ್ರ ಗೊತ್ತಿಲ್ಲ ಎಂದೆ. ಬಹುಶಃ ನಾನು ಹಾಗೆ ಅಂದದ್ದೇ ಅವರಿಗೆ ಧೈರ್ಯ ಕೊಟ್ಟಿತು. ಮರುದಿನ ಬೆಳಿಗ್ಗೆ ತಮ್ಮ ಹಿರಿಯ ಡಾಕ್ಟರನ್ನು ಕಂಡು, ಎರಡು ದಿನದ ಮಟ್ಟಿಗೆ ಅಪ್ಪಣೆ ತೆಗೆದುಕೊಂಡು, ತಿರುಗಣೆಯನ್ನು ಇಳಿಸಿದರು.

ಯಂತ್ರವನ್ನು ಇಳಿಸುವುದು ಸುಲಭವಾಯಿತು. ಬೀಗರನ್ನು ಇಳಿಸುವುದು ಹೇಗೆ? ಟಿ.ವಿ., ಮಣೆ, ಕ್ಯಾಸೆಟ್ ರೆಕಾರ್ಡರ್ ಎಲ್ಲವನ್ನೂ ಆಟೋದಲ್ಲಿ ಹೇರಿಕೊಂಡು ಆಸ್ಪತ್ರೆಯ ಜಗಲಿಗೆ ತಂದೆ. ಪ್ರಿನ್ಸಿಪಾಲರಿಗೆ ರಿಪೇರಿ ಎಂದು ಹೇಳಿದ್ದೆ. ಎರಡು ಮನೆಯವರೂ ಎದುರುಬದುರು ಚಾಪೆ ಹಾಸಿ ಕುಳಿತರು. ನಾನು ಗೆರೆ ತೋರಿಸಿದೆ, ಗೆರೆ ಬಗ್ಗುವ ಜಾಗ ತೋರಿಸಿದೆ, ಕಾಲೇಜಿನಲ್ಲಿ ಹೇಳುವ ಹಾಗೆ ಅರ್ಧ ಗಂಟೆ ಹೇಳಿದೆ. ಮುಗಿಸಿದಾಗ ಸಿರುಗುಪ್ಪದ ಕಡೆಯ ಒಬ್ಬ ಮುದುಕ, "ಸಿನಿಮಾ ಯಾವಾಗ ಚಾಲೂ ಆಗ್ತೈತ್ರಿ?" ಎಂದ.

ನನಗೆ ಸಿಟ್ಟು ನೆತ್ತಿಗೇರಿತು. ಟಿ.ವಿ. ಆರಿಸಿ ಎದ್ದು ನಿಂತೆ.

"ಕೇಳ್ರಿ ಇಲ್ಲಿ. ಹತ್ತು ಎಲಿ ಹಾಕೀರಿ ಅಂತ ತಿಳಕೋರಿ. ಹತ್ತು ಮಂದಿಗೆ ಆಗೋವಷ್ಟು ಅನ್ನ ತಂದೀರಿ. ಪಂಕ್ತ್ಯಾಗ ಕುಂತವ್ರು ಮೂರ ಮಂದಿ. ಉಳಿದ ಏಳು ಎಲಿಗೆ ಬಾಗಲಾ ಮುಚ್ಚೈತಿ, ಯಾರೂ ಬರಂಗಿಲ್ಲ. ನೀವು ಹತ್ತೂ ಮಂದಿ ಅನ್ನ ಆ ಮೂರು ಮಂದಿ ಬಾಯಿಗೆ ತುರುಕಾಕತ್ತೀರಿ. ಅವ್ರು ಏನಾಗ್ತಾರ?"

ಕರೂರಿನ ಅತ್ತೆ ಬಾಯಿಯ ಎಲೆಯಡಿಕೆಯನ್ನು ಒಂದು ಕಡೆಗೆ ಸರಿಸಿದರು.

"ಹೊಟ್ಟಿ ಒಡಕೊಂಡು ಸಾಯ್ತಾರ," ಎಂದರು ನಿಧಾನವಾಗಿ.

"ಆ ಮೂರು ಮಂದಿ ಉಳದ್ರ?"

"ಒಬ್ಬೊಬ್ಬರ ಬಂದು ಉಳಿದವ್ರೂ ಕುಂದ್ರತಾರ." ಅವರ ಕಣ್ಣು ತುಂಬಿಬಂದಿತ್ತು. "ಅಯ್ಯ ನನ್ನವ್ವ, ಇದನ್ನ ಮೊದ್ಲ ಹೇಳಬಾರ್ದೇನ್ರಿ? ಆ ಡಬ್ಬಿ ಯಾಕ ಹೊತ್ಕೊಂಡು ಬಂದ್ರಿ?"

ಅತಿಯಾದರೆ ಅಮೃತವೂ ವಿಷ ಎಂದು ಯಾರೋ ಹಿಂದಿನಿಂದ ಅಂದರು. ಎರಡು ಮನೆಯವರೂ ತಲೆದೂಗಿದರು. ಅವರು ಒಂದೇ ಮಾತಿಗೆ ಒಪ್ಪಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಮುಂದಿನ ವ್ಯವಸ್ಥೆಯನ್ನು ಅತ್ತೆಯೇ ಮಾಡಿದರು. ಒತ್ತುವುದನ್ನು ಬಟ್ಟೆ ಹೊಲಿಯುವ ಅಕ್ಕ ಕಲಿಸಬೇಕು, ಅವಳು ಹೂಂ ಅಂದವರು ಮಾತ್ರ ಚೀಲ ಮುಟ್ಟಬೇಕು. ಅಕ್ಕ ಕಾರ್ಖಾನೆಗೆ ರಜೆ ಹಾಕಿದಳು. ಒಬ್ಬೊಬ್ಬರ ಕೈಯ ಮೇಲೆ ತನ್ನ ಕೈ ಇಟ್ಟು, ಇಲ್ಲಿಗೆ ನಿಲ್ಲಿಸು, ಇಲ್ಲಿಗೆ ಬಿಡು ಎಂದು ತೋರಿಸಿದಳು. ಅಣ್ಣ ಮೂರು ಸಲ ನಪಾಸಾದ. ಮೂಟೆ ಹೊರುವವನಿಗೆ ಹಗುರ ಎಂಬುದು ಗೊತ್ತಾಗಬೇಕಾದರೆ ಕಷ್ಟ. ಕೊನೆಗೆ ಅವನ ಎರಡು ಬೆರಳನ್ನು ಸೆರಗಿನಿಂದ ಕಟ್ಟಿ, ಉಳಿದ ಮೂರರಲ್ಲಿ ಒತ್ತು ಎಂದಳು. ಅದರಲ್ಲಿ ಪಾಸಾದ. ಸ್ಪರ್ಧೆ ಮಾತ್ರ ನಿಲ್ಲಲಿಲ್ಲ. ಈಗ ಯಾರು ಕಡಿಮೆ ಒತ್ತುತ್ತಾರೆ ಎಂದು ಬೀಗರು ಬೀಗರನ್ನು ಕಾಯತೊಡಗಿದರು. "ಜಾಸ್ತಿ ಆತು, ಜಾಸ್ತಿ ಆತು" ಎಂದು ಅತ್ತೆ ಕೂಗಿದರೆ, "ನಿಮ್ಮದ ನೋಡ್ಕೋರಿ" ಎಂದು ಅಣ್ಣ. ತೀರ ಕಡಿಮೆಯಾದರೂ ಕಷ್ಟ ಎಂದು ನನ್ನ ಗಂಡ ಮತ್ತೊಂದು ಪಾಠ ಮಾಡಬೇಕಾಯಿತು.

ಮೊದಲ ದಿನ ಏನೂ ಆಗಲಿಲ್ಲ. ಎರಡನೆಯ ದಿನ ಬಿಗಿ ಹೆಚ್ಚಲಿಲ್ಲ, ಅಷ್ಟೇ. ಹಿರಿಯ ಡಾಕ್ಟರು ಇನ್ನೆರಡು ದಿನ ಇರಲಿ ಎಂದರು. ನಾನು ದಿನಾ ಕಾಲೇಜು ಮುಗಿಸಿ ಹೋಗಿ ಅಂಕಿ ತಂದು, ಗೆರೆ ಎಳೆದು ನೋಡುತ್ತಿದ್ದೆ. ಐದನೆಯ ದಿನ ಆ 'ಸಾಕು' ಎಂಬ ಮಟ್ಟ ಒಂದು ಚೂರು ಮೇಲೆ ಸರಿಯಿತು. ಪಂಕ್ತಿಗೆ ನಾಲ್ಕನೆಯವರು ಬಂದು ಕುಳಿತಿದ್ದರು. ಸಂತೋಷಕ್ಕೆ ಜಗಲಿಗೆ ಓಡಿಹೋಗಿ ಹೇಳಿದೆ. ಅವತ್ತಿನಿಂದ ನಾನು ಬಂದ ಕೂಡಲೇ ಅತ್ತೆ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, "ಇವತ್ತ ಎಷ್ಟ ಮಂದಿ ಕುಂತಾರ್ರಿ?" ಐದು ಎಂದ ದಿನ ಜಗಲಿಯಲ್ಲಿ ಬೆಲ್ಲ ಹಂಚಿದರು. ಆರೂವರೆ ಎಂದು ನಾನು ನಿಖರವಾಗಿ ಹೇಳಿದಾಗ, ಅರ್ಧ ಮನುಷ್ಯ ಹೇಗೆ ಕುಳಿತ ಎಂದು ನಗಾಡಿದರು.

ಮೂರನೆಯ ವಾರದ ಒಂದು ಬೆಳಿಗ್ಗೆ ಕೊಳವೆ ತೆಗೆಯುವುದೆಂದು ಆಯಿತು. ಅವಳಿಗೆ ಎಚ್ಚರವಿತ್ತು, ಕಣ್ಣಿನಲ್ಲೇ ಎಲ್ಲರನ್ನೂ ಹುಡುಕುತ್ತಿದ್ದಳು. ನನ್ನ ಗಂಡ ಎಲ್ಲರನ್ನೂ ಹೊರಗೆ ಕಳಿಸಿ, ಅಕ್ಕನನ್ನು ಮಾತ್ರ ಇರಲು ಹೇಳಿದರು. ಬೇಕಾದರೆ ಎಂದು ಅವಳು ಚೀಲ ಹಿಡಿದು ಮಂಚದ ತಲೆಯ ಕಡೆ ನಿಂತಿದ್ದಳು. ನಾನು ಬಾಗಿಲ ಹತ್ತಿರ ನಿಂತಿದ್ದೆ, ನನ್ನನ್ನು ಯಾರೂ ಹೊರಗೆ ಹೋಗಿ ಎನ್ನುವ ಧೈರ್ಯ ಮಾಡಲಿಲ್ಲ. ಯಂತ್ರ ನಿಲ್ಲಿಸಿದರು. ಕೊಳವೆ ಎಳೆದರು. ಅವಳು ಕೆಮ್ಮಿದಳು, ಮುಖ ಕೆಂಪಾಯಿತು, ಮತ್ತೆ ಕೆಮ್ಮಿದಳು. ಆಮೇಲೆ ಕೋಣೆ ಪೂರ ಸದ್ದಡಗಿತು. ಅಷ್ಟು ದಿನ ಯಂತ್ರದ್ದೋ ಚೀಲದ್ದೋ ಒಂದು ಸದ್ದು ಇದ್ದೇ ಇರುತ್ತಿತ್ತು.

ಅಕ್ಕ ಹೆದರಿದಳು. ಚೀಲವನ್ನು ಎದೆಗೆ ಅವುಚಿಕೊಂಡು ತಂಗಿಯ ಕಡೆ ಬಗ್ಗಿ ನೋಡಿದಳು. ಹೊದಿಕೆಯ ಕೆಳಗೆ ಎದೆ ಸಣ್ಣಗೆ ಏಳುತ್ತಿತ್ತು, ಇಳಿಯುತ್ತಿತ್ತು. ಅವಳು ನನ್ನ ಗಂಡನ ಎರಡು ಕೈಯನ್ನೂ ನೋಡಿದಳು. ಅವು ಖಾಲಿ ಇದ್ದವು. ನರ್ಸಿನ ಕೈ ನೋಡಿದಳು, ಬಾಗಿಲಲ್ಲಿದ್ದ ನನ್ನ ಕೈ ನೋಡಿದಳು.

"ಈಗ ಯಾರು ಒತ್ತಾಕತ್ತಾರ್ರಿ?" ಎಂದಳು.

"ಯಾರೂ ಇಲ್ಲವಾ," ಎಂದರು ನನ್ನ ಗಂಡ. "ಆಕೀನ, ತಾನಾಗೇ."